ಹೋಟೆಲಿನವನ ಹೊಟ್ಟೆ

ಜುಲೈ 8, ಮಂಗಳವಾರ

ಬೆಳಿಗ್ಗೆಯಿಂದ ಹೊಟ್ಟೆ ಕೈಕೊಟ್ಟಿದೆ. ಎಷ್ಟು ಸಲ ಎದ್ದು ಓಡಿದೆನೋ ಲೆಕ್ಕವಿಲ್ಲ. ಜೊತೆಗೆ ವಾಂತಿ, ಮೈ ಬಿಸಿ. ಮುಂಬಯಿಯ ಫೋರ್ಟಿನಲ್ಲಿ ಇಷ್ಟು ವರ್ಷ ಇಡ್ಲಿ-ದೋಸೆ ಹೋಟೆಲು ನಡೆಸಿದವನಿಗೆ ಭೇದಿ! ಬೇರೆ ಯಾವ ಕಾಯಿಲೆ ಬಂದಿದ್ದರೂ ಧೈರ್ಯವಾಗಿ ಹೇಳಿಕೊಳ್ಳಬಹುದಿತ್ತು. ಶುಗರ್ ಎಂದರೆ ಜನ ಅಯ್ಯೋ ಪಾಪ ಅನ್ನುತ್ತಾರೆ. ಬೆನ್ನುನೋವು ಎಂದರೆ ಯಾವುದಾದರೂ ಎಣ್ಣೆಯ ಹೆಸರು ಹೇಳುತ್ತಾರೆ. ಹೋಟೆಲಿನವನ ಹೊಟ್ಟೆ ಕೆಟ್ಟರೆ ಏನು ಕೇಳುತ್ತಾರೆಂದು ನನಗೆ ಗೊತ್ತಿಲ್ಲವೇ? "ಸೇಟ್, ನಿಮ್ಮಲ್ಲೇ ಊಟ ಮಾಡಿದ್ರಾ?"

"ಕೆಳಗೆ ಡಾಕ್ಟ್ರು ಇದ್ದಾರಲ್ಲ, ಹೋಗಿ ಬನ್ನಿ" ಎಂದಳು ಶೀಲಾವತಿ. ನಮ್ಮ ಬಿಲ್ಡಿಂಗಿನ ಕೆಳಗಿನ ಆ ಕ್ಲಿನಿಕ್ಕಿನ ಬೆಂಚಿನ ಮೇಲೆ ಸಯನ್ನಿನ ಅರ್ಧ ಕನ್ನಡಿಗರು ಕೂತಿರುತ್ತಾರೆ. ನಾನು ಮಾತ್ರೆ ಜೇಬಿಗೆ ಹಾಕಿಕೊಳ್ಳುವ ಮೊದಲು ಸುದ್ದಿ ಮಾಟುಂಗಾ ತಲುಪಿರುತ್ತದೆ.

"ಪಪ್ಪ, ಆ್ಯಪ್ ಇದೆ ನಾ. ಘರ್ ಬೈಠೇ ಡಾಕ್ಟರ್ ಸಿಗ್ತಾರೆ, ಯಾರಿಗೂ ಗೊತ್ತಾಗಲ್ಲ" ಎಂದು ಮಗಳು ಜ್ಯೋತ್ಸ್ನಾ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲೇ ನನ್ನ ಫೋನಿಗೆ ಅದನ್ನು ಹಾಕಿಕೊಟ್ಟಳು. ಯಾರಿಗೂ ಗೊತ್ತಾಗಲ್ಲ ಎಂಬ ಮಾತು ನನಗೆ ಹಿಡಿಸಿತು.

ಮೊದಲು ಒಂದು ಯಂತ್ರ ಹಿಂದಿಯಲ್ಲಿ ನಮಸ್ತೆ ಹೇಳಿತು. ಆಮೇಲೆ ಮನುಷ್ಯನ ದೇಹದ ಚಿತ್ರ ತೋರಿಸಿ, ನೋವು ಎಲ್ಲಿದೆಯೋ ಅಲ್ಲಿ ಒತ್ತಿ ಎಂದಿತು. ನನ್ನ ದಪ್ಪ ಬೆರಳು, ಅದರ ಪುಟ್ಟ ಹೊಟ್ಟೆ. ಒತ್ತಿದರೆ ಮೊಣಕಾಲಿನ ಬಗ್ಗೆ ಪ್ರಶ್ನೆ ಕೇಳತೊಡಗಿತು. ಮೆಟ್ಟಿಲು ಹತ್ತುವಾಗ ನೋವಾಗುತ್ತದೆಯೇ ಅಂತೆ! ಹಿಂದೆ ಹೋಗಲು ನೋಡಿದರೆ ಎಲ್ಲ ಅಳಿಸಿಹೋಗಿ ಮತ್ತೆ ನಮಸ್ತೆಯಿಂದ ಶುರು.

ಕೊನೆಗೂ ಒಬ್ಬ ಹುಡುಗ ಡಾಕ್ಟರು ಸಿಕ್ಕಿದ. ಅವನ ಮುಖಕ್ಕಿಂತ ಅವನ ಫ್ಯಾನೇ ಹೆಚ್ಚು ಕಾಣುತ್ತಿತ್ತು. "ಆವಾಜ್ ಆ ರಹೀ ಹೈ?" ಎಂದು ಅವನು, "ಆ ರಹೀ ಹೈ" ಎಂದು ನಾನು. ಇಬ್ಬರೂ ಇದನ್ನೇ ಹೇಳುತ್ತಿರುವಾಗ ಹೊಟ್ಟೆ ತಿರುವಿತು. ಫೋನನ್ನು ಮಂಚದ ಮೇಲೆ ಎಸೆದು ಓಡಿದೆ. ಬಂದು ನೋಡಿದರೆ, ನಿಮ್ಮ ಸಮಾಲೋಚನೆ ಯಶಸ್ವಿಯಾಗಿ ಮುಗಿದಿದೆ, ಅನುಭವ ಹೇಗಿತ್ತು ಎಂದು ಬರೆದುಕೊಂಡು ಕೂತಿದೆ.

ಅನುಭವವಂತೆ.

ಜುಲೈ 9, ಬುಧವಾರ

ಆ ಹುಡುಗ ಔಷಧಿ ಚೀಟಿ ಮಾತ್ರ ಕಳಿಸಿದ್ದಾನೆ. ಶೀಲಾವತಿ ಫೋನು ಹಿಡಿದುಕೊಂಡು ಮೆಡಿಕಲ್ಲಿಗೆ ಹೋಗಿ ಬಂದಳು. ತಂದದ್ದು ಬಾಳೆಹಣ್ಣಿನ ವಾಸನೆಯ ಒಂದು ಸಿರಪ್ಪು, ಅದರ ಮುಚ್ಚಳದಲ್ಲಿ ಅಳತೆಯ ಚಿಕ್ಕ ಕಪ್ಪು.

"ಮೊಮ್ಮಗುವಿಗಾ ಅಂತ ಕೇಳಿದ ಅಂಗಡಿಯವ" ಎಂದಳು, ನಗು ತಡೆದುಕೊಳ್ಳುತ್ತಾ.

ಚೀಟಿಯನ್ನು ಕಣ್ಣಿಗೆ ಹಿಡಿದು ನೋಡಿದೆ. ಹೆಸರು ಚೆನ್ನಯ ಎಂದು ಸರಿಯಾಗಿಯೇ ಇದೆ. ವಯಸ್ಸು ಆರು. ಅರುವತ್ತೊಂದರ ಒಂದು ಎಲ್ಲಿ ಬಿದ್ದುಹೋಯಿತೋ ದೇವರೇ ಬಲ್ಲ. ವೀಡಿಯೋದಲ್ಲಿ ನನ್ನ ಬಿಳಿ ಮೀಸೆ ನೋಡಿಯೂ ಆ ಮಹಾನುಭಾವನಿಗೆ ಅನುಮಾನ ಬರಲಿಲ್ಲ! ದೂರು ಕೊಡೋಣವೆಂದು ನಂಬರು ಒತ್ತಿದರೆ ಸಂಗೀತ. ಸಂಗೀತದ ನಡುವೆ ಒಬ್ಬಳು, ನಿಮ್ಮ ಕರೆ ನಮಗೆ ಅಮೂಲ್ಯ ಎನ್ನುತ್ತಾಳೆ. ಮತ್ತೆ ಸಂಗೀತ. ಕೂತು ಕೇಳಲು ನನ್ನ ಹೊಟ್ಟೆ ಬಿಡಬೇಕಲ್ಲ.

ಇದರ ಮೇಲೆ ಹೋಟೆಲಿನಿಂದ ದೂಮಣ್ಣನ ಫೋನು. ನಮ್ಮ ಅಡುಗೆಯ ಭಟ್ಟಿಯೆಲ್ಲ ಅವನ ಕೈಯಲ್ಲೇ ನಡೆಯುವುದು. ನಾನಿಲ್ಲದಾಗ ಗಲ್ಲಾವನ್ನೂ ಅವನೇ ನೋಡುತ್ತಾನೆ.

"ಧಣಿ, ಪಾತ್ರೆಯವಳು ನಿನ್ನೆಯೂ ಇಲ್ಲ, ಇವತ್ತೂ ಇಲ್ಲ. ಪಾತ್ರೆ ರಾಶಿ ಬಿದ್ದಿದೆ. ನೀವು ಯಾವಾಗ ಬರುವುದು?"

"ನನಗೆ ಸ್ವಲ್ಪ ಜ್ವರ ಮಾರಾಯ" ಎಂದೆ. ಜ್ವರವೂ ಸುಳ್ಳಲ್ಲವಲ್ಲ.

ಎರಡು ಮಳೆ ಬಿದ್ದರೆ ಸಾಕು, ಇವರಿಗೆಲ್ಲ ಮನೆಯಲ್ಲಿ ಮಲಗಲು ನೆಪ. ಧಾರಾವಿಯಲ್ಲಿ ನೀರು ನಿಂತಿದೆ, ಲೋಕಲ್ ನಿಂತಿದೆ, ಹೊಟ್ಟೆನೋವು, ತಲೆನೋವು. ಬೇರೆ ಹೆಂಗಸನ್ನು ಹುಡುಕು ಎಂದು ದೂಮಣ್ಣನಿಗೆ ಹೇಳಿಬಿಟ್ಟೆ.

ಜುಲೈ 10, ಗುರುವಾರ

ಇವತ್ತು ಬೇರೆ ಡಾಕ್ಟರು. ಕನ್ನಡಕದ ಹೆಂಗಸು, ನಲವತ್ತರ ಆಸುಪಾಸು, ದಣಿದ ಮುಖ. ಆದರೆ ಕ್ಯಾಮೆರಾ ನೆಟ್ಟಗಿತ್ತು. ಮೊದಲಿಂದ ಎಲ್ಲ ಹೇಳಿ ಎಂದಳು. ನಿನ್ನೆ ಮೊನ್ನೆಯದೆಲ್ಲ ನಿಮ್ಮ ಆ್ಯಪಿನಲ್ಲೇ ಇದೆಯಲ್ಲ ತಾಯೀ ಎಂದರೆ, "ನನಗೆ ಕಾಣುತ್ತಿರುವುದು ನಿಮ್ಮ ಮೊಣಕಾಲು ನೋವು ಮಾತ್ರ" ಎಂದಳು.

ಹೊರಗೆ ಏನಾದರೂ ತಿಂದಿರಾ? ಇಲ್ಲ. ನೀರು ಎಲ್ಲಿಯದು ಕುಡಿದಿರಿ? ಮನೆಯದು. ಮನೆಯಲ್ಲಿ, ಕೆಲಸದ ಜಾಗದಲ್ಲಿ ಬೇರೆ ಯಾರಿಗಾದರೂ ಹೀಗೆ ಆಗಿದೆಯಾ? ಇಲ್ಲ. ಏನು ಕೆಲಸ ನಿಮ್ಮದು?

"ಸ್ಟೇಷನರಿ ಅಂಗಡಿ" ಎಂದೆ.

ಯಾಕೆ ಹಾಗಂದೆನೋ ನನಗೇ ತಿಳಿಯದು. ಬಾಯಿಗೆ ಬಂತು. ಬಾಗಿಲಲ್ಲಿ ನಿಂತಿದ್ದ ಶೀಲಾವತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಹಾಗಾದರೆ ಪರವಾಗಿಲ್ಲ. ಅಡುಗೆ ಕೆಲಸದವರಾಗಿದ್ದರೆ ಭೇದಿ ನಿಂತು ಎರಡು ದಿನ ಆಗುವವರೆಗೆ ಆಹಾರ ಮುಟ್ಟಲೇಬಾರದು ಎನ್ನುತ್ತಿದ್ದೆ" ಎಂದಳು. ಭೇದಿ ಕಟ್ಟುವ ಮಾತ್ರೆ ಕೇಳಿದ್ದಕ್ಕೆ ಜ್ವರವಿರುವಾಗ ಬೇಡವೆಂದಳು. ಓಆರ್‌ಎಸ್ ಪುಡಿ ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿ ಗುಟುಕು ಗುಟುಕಾಗಿ ಕುಡಿಯಬೇಕಂತೆ. ಕಣ್ಣೀರು ಕುಡಿದ ಹಾಗಿದೆ. ಶೀಲಾವತಿಯ ಗಂಜಿತಿಳಿ ಇದಕ್ಕಿಂತ ಎಷ್ಟೋ ಮೇಲು. ಅವಳಿಗೆ ಹಾಗೆಂದದ್ದೇ ತಪ್ಪಾಯಿತು. "ಮೂವತ್ತು ವರ್ಷದಲ್ಲಿ ನನ್ನ ಅಡುಗೆ ಹೊಗಳಲಿಕ್ಕೆ ನಿಮಗೆ ಭೇದಿ ಆಗಬೇಕಾಯ್ತಾ?" ಎಂದು ಇಡೀ ಮಧ್ಯಾಹ್ನ ಚುಚ್ಚಿದಳು.

ಜುಲೈ 11, ಶುಕ್ರವಾರ

ನನಗೆ ಸ್ವಲ್ಪ ಗುಣ.

ಬೆಳಿಗ್ಗೆ ದೂಮಣ್ಣನ ಫೋನು. ಸಪ್ಲೈಯ ಇಬ್ಬರು ಹುಡುಗರೂ ಮಲಗಿದ್ದಾರಂತೆ. "ಒಂದೇ ಸಮ ಓಡುತ್ತಿದ್ದಾರೆ ಧಣಿ, ಹೊಟ್ಟೆ." ಪಾತ್ರೆಯವಳ ನಂಬರು ಕೊಡು ಎಂದೆ. ಅವಳಿಗೂ ಇದೇನಾ, ಅಥವಾ ನಾಟಕವಾ, ಕೇಳಿಯೇ ಬಿಡೋಣವೆಂದು.

ಎತ್ತಿದ್ದು ಅವಳ ಮಗಳು, ಸ್ನೇಹಲ್ ಎಂದು ಹೆಸರು. ಧಾರಾವಿಯಲ್ಲೇ ಚರ್ಮದ ಬ್ಯಾಗು ಹೊಲಿಯುವ ಕಾರ್ಖಾನೆಗೆ ಹೋಗುತ್ತಾಳಂತೆ. ವಿಜಯಪುರದ ಕಡೆಯ ಕನ್ನಡ, ಅರ್ಧ ಹಿಂದಿ. "ಅವ್ವಗ ಸೋಮವಾರದಿಂದ ಜುಲಾಬ್ ಐತ್ರಿ. ಗಲ್ಲಿ ಡಾಕ್ಟರ್ ಇಂಜೆಕ್ಷನ್ ಕೊಟ್ಟ, ಫರಕ್ ನಹೀ ಪಡಾ. ಈಗ ಎಬ್ಬಿಸಿದ್ರೂ ಏಳವಲ್ಲಳು. ನನಗ ಹೆದ್ರಿಕಿ ಆಗಾಕತ್ತೈತಿ ಅಂಕಲ್."

ಸುಳ್ಳಾದರೆ ಕಣ್ಣಾರೆ ನೋಡಿ ಬೈದು ಬರೋಣ ಎಂದುಕೊಂಡೇ ಹೊರಟೆ. ಶೀಲಾವತಿ ಕೊಡೆ ಕೊಟ್ಟಳು, ಕೇಳದಿದ್ದರೂ ಓಆರ್‌ಎಸ್ ಪುಡಿಯನ್ನೂ ಚೀಲಕ್ಕೆ ಹಾಕಿದಳು. ಸಯನ್ನಿನಿಂದ ಧಾರಾವಿ ಏನು ದೂರ, ರಿಕ್ಷಾ ಹತ್ತಿ ಇಳಿಯುವಷ್ಟು. ಆ ಕಡೆ ನಾನು ಹೋದದ್ದೇ ಇಲ್ಲ. ಗಲ್ಲಿಯ ತುದಿಗೆ ಬಂದು ನಿಂತಿದ್ದ ಸ್ನೇಹಲ್ ಕಬ್ಬಿಣದ ಏಣಿ ಹತ್ತಿಸಿ ಮಾಳಿಗೆಗೆ ಕರೆದೊಯ್ದಳು. ಮಧ್ಯದಲ್ಲಿ ಎರಡು ಸಲ ನಿಂತು ಹತ್ತಿದೆ.

ಚಾಪೆಯ ಮೇಲೆ ನಮ್ಮ ಪಾತ್ರೆಯ ನಾಗವ್ವ ಮಲಗಿದ್ದಳು. ಕಣ್ಣು ಒಳಗೆ ಹೋಗಿದೆ, ತುಟಿ ಒಡೆದಿದೆ. ಕರೆದಾಗ ಅರ್ಧ ಕಣ್ಣು ತೆರೆದಳು.

"ಸೇಟ್ರ... ನೀವ್ಯಾಕ ಬಂದ್ರಿ? ಪಾತ್ರಿ ಹಂಗ ಇಡಾಕ ಹೇಳ್ರಿ. ನಾಳೆ ಬರ್ತೀನಿ."

ಇಷ್ಟು ಹೇಳಿ ಮತ್ತೆ ಕಣ್ಣು ಮುಚ್ಚಿದಳು.

ನನಗೆ ಆ ಹೊತ್ತಿಗೆ ಹೊಳೆದದ್ದು ಆ್ಯಪಿನ ಕನ್ನಡಕದ ಡಾಕ್ಟರು ಮಾತ್ರ. ಫೋನು ತೆಗೆದರೆ ನೆಟ್‌ವರ್ಕಿಲ್ಲ. ಏಣಿಯ ಬಾಯಿಗೆ ಬಂದು ಕೈ ಮೇಲೆತ್ತಿ ಹಿಡಿದರೆ ಒಂದು ಕಡ್ಡಿ ಬರುತ್ತದೆ, ಕೈ ಇಳಿಸಿದರೆ ಹೋಗುತ್ತದೆ. ಬಂದಾಗ ಆ ಯಂತ್ರ ನಮಸ್ತೆ ಎಂದಿತು! ಸಿಟ್ಟಿನಲ್ಲಿ ಫೋನನ್ನು ಗಟಾರಕ್ಕೆ ಎಸೆಯಬೇಕೆನಿಸಿತು. ರೋಗಿಯ ಹೆಸರು ಕೇಳಿತು, ಹಾಕಿದೆ. ವಯಸ್ಸು? ಅರುವತ್ತಿರಬೇಕು ಎಂದುಕೊಂಡಿದ್ದೆ. ಸ್ನೇಹಲ್ ನಲವತ್ತೆಂಟು ಎಂದಳು. ನಿಮಗೆ ಇವರು ಏನಾಗಬೇಕು? ಹೆಂಡತಿ, ತಾಯಿ, ಮಗಳು, ತಂಗಿ. ಇಷ್ಟೇ ಇತ್ತು. ಏನೂ ಒತ್ತದೆ ಮುಂದೆ ಹೋಗುವಂತಿಲ್ಲ. ತಂಗಿ ಎಂದು ಒತ್ತಿದೆ.

ಹಿಂದಿನ ಡಾಕ್ಟರೇ ಬೇಕೆಂದು ಕೇಳಿದ್ದೆ, ಅವಳೇ ಬಂದಳು. ನನ್ನನ್ನು ನೋಡಿದ್ದೇ, "ಸ್ಟೇಷನರಿ ಅಂಗಡಿಯವರಲ್ಲವಾ?" ಎಂದಳು. ಫೋನನ್ನು ನಾಗವ್ವನ ಕಡೆ ತಿರುಗಿಸಿದೆ. ಚಿತ್ರ ನಿಂತು ನಿಂತು ಬರುತ್ತಿತ್ತು. ಹೊಟ್ಟೆಯ ಮೇಲಿನ ಚರ್ಮ ಚಿವುಟಿ ಬಿಡಲು ಹೇಳಿದಳು. ಸ್ನೇಹಲ್ ಚಿವುಟಿದಳು. ಚರ್ಮ ಹಾಗೇ ಮಡಿಕೆಯಾಗಿ ನಿಂತಿತ್ತು, ಹಿಟ್ಟು ಹಿಸುಕಿದ ಹಾಗೆ. ಮೂತ್ರಕ್ಕೆ ಹೋಗಿ ಎಷ್ಟು ಹೊತ್ತಾಯಿತು ಎಂದಳು. ಕನ್ನಡದಲ್ಲಿ ಕೇಳಿ ಹಿಂದಿಯಲ್ಲಿ ಹೇಳುವ ಕೆಲಸ ನನ್ನದು. ನಿನ್ನೆ ಬೆಳಿಗ್ಗೆ ಹೋದದ್ದೇ ಕೊನೆ ಎಂದು ಹೇಳಿದೆ.

"ಫೋನ್ ಇಡಿ. ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇದು ಫೋನಿನಲ್ಲಿ ನೋಡುವ ಕೇಸಲ್ಲ." ನಾನು ಇಡುವಷ್ಟರಲ್ಲಿ, "ಒಂದು ನಿಮಿಷ. ನಿಮಗೂ ಇದೇ, ಇವರಿಗೂ ಇದೇ. ಇಬ್ಬರೂ ಒಟ್ಟಿಗೆ ತಿಂದದ್ದು, ಕುಡಿದದ್ದು ಎಲ್ಲಿ?"

"ನನ್ನದು ಹೋಟೆಲು" ಎಂದೆ. "ಇವಳು ಅಲ್ಲಿ ಪಾತ್ರೆ ತೊಳೆಯುತ್ತಾಳೆ. ಇನ್ನೂ ಇಬ್ಬರು ಮಲಗಿದ್ದಾರೆ."

ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. "ಹಾಗಾದರೆ ಇವತ್ತೇ ಮುಚ್ಚಿ" ಎಂದಳು ಅಷ್ಟೆ.

ಪಕ್ಕದ ಮನೆಯ ನಾಲ್ಕು ಜನ ಸೇರಿ ಬೆಡ್‌ಶೀಟಿನಲ್ಲಿ ಅವಳನ್ನು ಏಣಿಯಿಂದ ಇಳಿಸಿದರು. ಟ್ಯಾಕ್ಸಿಯಲ್ಲಿ ಅವಳ ತಲೆ ಮಗಳ ತೊಡೆಯ ಮೇಲೆ, ಕಾಲು ನನ್ನ ತೊಡೆಯ ಮೇಲೆ. ಸಯನ್ನಿನ ದೊಡ್ಡಾಸ್ಪತ್ರೆಯಲ್ಲಿ ನೋಡಿದ ತಕ್ಷಣ ಎರಡೂ ಕೈಗೆ ಸಲೈನ್ ಹಾಕಿದರು.

ಜುಲೈ 12, ಶನಿವಾರ

ನಾಗವ್ವನಿಗೆ ಎಚ್ಚರ ಬಂದಿದೆ, ಮೂತ್ರವೂ ಆಗಿದೆ. ಒಬ್ಬ ಹೆಂಗಸಿಗೆ ಮೂತ್ರ ಆಯಿತೆಂದು ನಾನು ಆಸ್ಪತ್ರೆಯ ವರಾಂಡದಲ್ಲಿ ನಿಂತು ಹೆಂಡತಿಗೆ ಫೋನು ಮಾಡಿ ಹೇಳುವ ಕಾಲ ಬರುತ್ತದೆಂದು ಯಾರು ಕಂಡಿದ್ದರು? ಇನ್ನಷ್ಟು ತಡವಾಗಿದ್ದರೆ ಕಿಡ್ನಿ ಉಳಿಯುತ್ತಿರಲಿಲ್ಲ ಎಂದರಂತೆ ಅಲ್ಲಿನ ಡಾಕ್ಟರು.

ಹೋಟೆಲು ನಿನ್ನೆಯಿಂದಲೇ ಬಂದ್. ಬಾಗಿಲಿಗೆ ಬೋರ್ಡು ಹಾಕುವ ವಿಷಯದಲ್ಲಿ ಬೆಳಿಗ್ಗೆ ದೂಮಣ್ಣನ ಜೊತೆ ಜಗಳ.

"ಊರಲ್ಲಿ ಮದುವೆ ಅಂತ ಬರೆಯುವ ಧಣಿ. ಇಲ್ಲದಿದ್ದರೆ ಪೇಂಟಿಂಗ್ ಅಂತ."

"ಕೆಲಸದವರಿಗೆ ಹೊಟ್ಟೆ ಕೆಟ್ಟಿದೆ, ಗುಣವಾಗುವವರೆಗೆ ಬಂದ್ ಅಂತ ಬರೆ."

"ನಿಮಗೆ ಮಂಡೆ ಸಮ ಉಂಟಾ? ಫೋರ್ಟಿನಲ್ಲಿ ಈ ಬೋರ್ಡು ಹಾಕಿದರೆ ಆಮೇಲೆ ನೊಣ ಕೂಡ ಬರಲಿಕ್ಕಿಲ್ಲ!"

"ಬರೆ ಮಾರಾಯ. ಮರಾಠಿಯಲ್ಲಿ, ದೊಡ್ಡದಾಗಿ."

ಬರೆದ. ಬರೆಯುವಾಗ ಮುಖ ಅವನದೇ ಬೊಜ್ಜಕ್ಕೆ, ಅವನದೇ ತಿಥಿಯೂಟಕ್ಕೆ ಬಂದವನ ಹಾಗಿತ್ತು. ಬಾಗಿಲು ಮುಚ್ಚಿದೆ ಎಂದಾದರೆ ಎಲ್ಲರಿಗೂ ಒಂದು ಕಾರಣ ಗೊತ್ತಿರಬೇಕಲ್ಲ. ಸುಳ್ಳು ಹೇಳಿದರೆ ಅದನ್ನು ನೆನಪಿಟ್ಟುಕೊಳ್ಳುವ ತಲೆನೋವು ಬೇರೆ. ಅದಕ್ಕೇ ಬರೆಸಿದ್ದು.

ಜುಲೈ 14, ಸೋಮವಾರ

ಪ್ಲಂಬರನನ್ನು ಕರೆಸಿದೆ. ಎರಡು ಗಂಟೆ ತಡವಾಗಿ ಬಂದು, ಚಹಾ ಇಲ್ಲವಾ ಎಂದು ಕೇಳಿದ. ಬಂದ್ ಆದ ಹೋಟೆಲಿನಲ್ಲಿ ಚಹಾ!

ಕಾರಣ ಸಿಕ್ಕಿತು. ಹಿಂದಿನ ಗಲ್ಲಿಯಲ್ಲಿ ನೆಲದೊಳಗಿನ ಟ್ಯಾಂಕಿನ ಮುಚ್ಚಳ ಒಂದು ಮೂಲೆಯಲ್ಲಿ ಒಡೆದಿದೆ. ತಿಂಗಳ ಮೊದಲ ವಾರದ ಮಳೆಗೆ ಗಟಾರ ಉಕ್ಕಿ ಗಲ್ಲಿಯಲ್ಲಿ ನಿಂತ ನೀರು ಅದರೊಳಗೆ ಇಳಿದಿದೆ. ಗಿರಾಕಿಗಳ ನೀರು, ಚಟ್ನಿಯ ನೀರು ಎಲ್ಲ ಫಿಲ್ಟರಿನದು, ಅದಕ್ಕೆ ಏನೂ ಆಗಿಲ್ಲ. ಹಿಂದೆ ಕೆಲಸದವರು ಕುಡಿಯುವ ಡ್ರಮ್ಮಿಗೆ ಮಾತ್ರ ಟ್ಯಾಂಕಿನಿಂದ ನೇರವಾಗಿ ಪೈಪು.

ನನಗೆ ಹೇಗೆ ಬಂತೆಂದು ಈಗ ಗೊತ್ತಾಯಿತು. ಭೇದಿ ಶುರುವಾಗುವ ಮೊದಲಿನ ಭಾನುವಾರ ಮಧ್ಯಾಹ್ನ ಹಿಂದೆ ನಿಂತು, ಕೆಲಸದವರಿಗೆಂದು ಆ ಡ್ರಮ್ಮಿನ ನೀರಿನಲ್ಲೇ ಮಾಡಿದ್ದ ಮಜ್ಜಿಗೆ ಒಂದು ಲೋಟ ಕುಡಿದಿದ್ದೆ.

"ಡ್ರಮ್ಮಿಗೆ ಫಿಲ್ಟರಿನ ಪೈಪು ಯಾಕೆ ಕೊಟ್ಟಿಲ್ಲ?" ಎಂದು ದೂಮಣ್ಣನ ಮೇಲೆ ಹರಿಹಾಯ್ದೆ.

"ನೀವು ಹೇಳಲಿಲ್ಲ ಧಣಿ" ಎಂದ ಅವನು.

ಮನೆಗೆ ಬಂದು ಶೀಲಾವತಿಗೆ ಹೇಳಿದೆ. ಅವಳು ಮೆಂತೆ ಆರಿಸುತ್ತಿದ್ದವಳು ತಲೆಯೆತ್ತಿ ನೋಡಿದಳು. ಏನಾದರೂ ಅಂದಿದ್ದರೆ ತಿರುಗಿ ಅನ್ನಬಹುದಿತ್ತು. ಮತ್ತೆ ಮೆಂತೆ ಆರಿಸತೊಡಗಿದಳು.

ಜುಲೈ 15, ಮಂಗಳವಾರ

ಆಸ್ಪತ್ರೆಗೆ ಹೋಗಿದ್ದೆ. ನಾಗವ್ವ ಎದ್ದು ಕೂತು ನರ್ಸಿನ ಜೊತೆ ಜಗಳಕ್ಕೆ ನಿಂತಿದ್ದಳು. ಓಆರ್‌ಎಸ್ ಕುಡಿಯುವುದಿಲ್ಲವಂತೆ.

"ಎಂಥಾ ಹೊಲಸ್ ರುಚಿರೀ ಇದು ಸೇಟ್ರ! ಒಂದು ಕಪ್ ಚಾ ಕೊಡಸ್ರಿ."

"ಬಾಯಿ ಮುಚ್ಚಿ ಕುಡಿ. ನಾನೂ ಕುಡಿದಿದ್ದೇನೆ."

"ನೀವು? ನಿಮಗೂ ಆಗಿತ್ತೇನ್ರೀ?" ಎಂದು ಕಣ್ಣರಳಿಸಿ ನೋಡಿದಳು. ಆಮೇಲೆ ನಗು ಶುರುವಾಯಿತು ನೋಡಿ, ಸಲೈನ್ ಸೂಜಿ ಕಿತ್ತುಹೋಗುವ ಹಾಗೆ. ಸ್ನೇಹಲ್‌ಗೂ ನಗು, ಪಕ್ಕದ ಮಂಚದವಳಿಗೂ ನಗು. ಯಾರಿಗೂ ಗೊತ್ತಾಗಬಾರದೆಂದು ಇಷ್ಟು ಕಷ್ಟಪಟ್ಟ ವಿಷಯ ಈಗ ಇಡೀ ವಾರ್ಡಿಗೆ ಗೊತ್ತು.

ನೀನು ಹೊಟ್ಟೆ ಕೆಟ್ಟಿದೆಯೆಂದು ಮೊದಲೇ ಯಾಕೆ ಹೇಳಿ ಕಳಿಸಲಿಲ್ಲ ಎಂದು ಕೇಳಿದೆ.

"ಹೇಳಿದ್ರ ನಂಬ್ತಿದ್ರೇನ್ರೀ?"

ಕುಡಿ, ಕುಡಿ ಎಂದು ಲೋಟ ಮುಂದೆ ಹಿಡಿದೆ.

ಜುಲೈ 18, ಶುಕ್ರವಾರ

ಇವತ್ತು ಹೋಟೆಲು ತೆರೆದೆವು. ಟ್ಯಾಂಕು ತೊಳೆಸಿ, ಹೊಸ ಮುಚ್ಚಳ ಹಾಕಿಸಿ, ನೀರು ಪರೀಕ್ಷೆ ಮಾಡಿಸಿ. ಮಲಗಿದ್ದ ಹುಡುಗರಿಬ್ಬರೂ ಗುಣವಾಗಿ ಬಂದಿದ್ದಾರೆ. ಡ್ರಮ್ಮನ್ನು ಎತ್ತಿ ಗುಜರಿಗೆ ಕೊಟ್ಟು, ಹಿಂದೆ ಫಿಲ್ಟರಿನ ನಲ್ಲಿ ಹಾಕಿಸಿದೆ. ಅದನ್ನು ಹಾಕುವಾಗಲೂ ಆ ಪ್ಲಂಬರ್ ಗೋಡೆಯಲ್ಲಿ ತಪ್ಪು ಜಾಗಕ್ಕೆ ತೂತು ಕೊರೆದ.

ದೂಮಣ್ಣ ಹೇಳಿದ್ದು ಸುಳ್ಳಾಗಲಿಲ್ಲ. ಬೆಳಿಗ್ಗೆ ಅರ್ಧ ಹೋಟೆಲು ಖಾಲಿ. ಎದುರಿನ ಬ್ಯಾಂಕಿನವರು ಮಧ್ಯಾಹ್ನದ ಊಟ ಬೇರೆ ಕಡೆಯಿಂದ ತರಿಸಿಕೊಳ್ಳುತ್ತಿದ್ದಾರಂತೆ. ಹತ್ತು ಗಂಟೆಗೆ ಅದೇ ಬ್ಯಾಂಕಿನ ಅಮೋಲ್ ಬಂದ, ದಿನವೂ ಬರುವ ಹಾಗೆ. ಬಾಗಿಲಲ್ಲಿ ನಿಂತು ಒಳಗೆಲ್ಲ ಕಣ್ಣಾಡಿಸಿದ.

"ಸೇಟ್, ಬೋರ್ಡು ಓದಿದೆ. ಸಚ್ ಥಾ ಕ್ಯಾ?"

"ಸಚ್" ಎಂದೆ. "ನನಗೂ ಆಗಿತ್ತು."

ಅವನು ಒಳಗೆ ಬಂದ. ಆಮೇಲೆ ಕೂತು ಇಡ್ಲಿ ಹೇಳಿದ. ನೀರು ಮುಟ್ಟಲಿಲ್ಲ, ತನ್ನ ಬಾಟಲಿಯಿಂದಲೇ ಕುಡಿದ. ಅಷ್ಟಾದರೂ ಬಂದನಲ್ಲ. ಮೊದಲಾಗಿದ್ದರೆ ಆ ಬಾಟಲಿ ನೋಡಿ ನನಗೆ ಮೈಯುರಿಯುತ್ತಿತ್ತು. ಇವತ್ತು ಬಿಡುವಿರಲಿಲ್ಲ. ಪಾತ್ರೆ ತೊಳೆಯಲು ದೂಮಣ್ಣ ತಂದ ಹೊಸ ಹೆಂಗಸಿಗೆ, ಇದು ನಾಗವ್ವ ಬರುವವರೆಗೆ ಮಾತ್ರ ಎಂದು ಹೇಳಬೇಕಿತ್ತು.

ಜುಲೈ 28, ಸೋಮವಾರ

ನಾಗವ್ವ ಬಂದಳು. ಇನ್ನೂ ಒಂದು ವಾರ ಮನೆಯಲ್ಲಿರು, ಸಂಬಳ ಹಿಡಿಯುವುದಿಲ್ಲ ಎಂದು ಸಾರಿ ಸಾರಿ ಹೇಳಿದ್ದೆ. ಮನೆಯಲ್ಲಿ ಕೂತರೆ ಸೊಂಟ ಹಿಡಿಯುತ್ತದಂತೆ. ಈ ಜನಕ್ಕೆ ಹೇಳಿದ್ದು ಕೇಳುವ ಅಭ್ಯಾಸವೇ ಇಲ್ಲ.

ಹಿಂದೆ ಕರೆದುಕೊಂಡು ಹೋಗಿ ಹೊಸ ನಲ್ಲಿ ತೋರಿಸಿದೆ. ನಾನೇ ಒಂದು ಲೋಟ ಹಿಡಿದು ಕೊಟ್ಟೆ. ದೂಮಣ್ಣ, ಹುಡುಗರು ಎಲ್ಲ ಸುತ್ತ ನಿಂತಿದ್ದರು. ನಾಗವ್ವ ಒಂದು ಗುಟುಕು ಕುಡಿದು, ಬಾಯಲ್ಲಿ ಹೊರಳಾಡಿಸಿ, ನುಂಗಿದಳು.

"ಸಪ್ಪಗೈತ್ರೀ ಸೇಟ್ರ. ಮೊದಲಿನ ನೀರಿಗೆ ರುಚಿ ಇತ್ತು."

ಟ್ಯಾಂಕು, ಮುಚ್ಚಳ, ಪ್ಲಂಬರು, ಆಸ್ಪತ್ರೆ, ಆ್ಯಪು, ಇಷ್ಟೆಲ್ಲ ಆದಮೇಲೆ ಇವಳಿಗೆ ನೀರಿನ ರುಚಿ ಸಾಲದು! ಹಣೆ ಚಚ್ಚಿಕೊಂಡೆ. ಆದರೆ ಲೋಟ ಪೂರ್ತಿ ಖಾಲಿ ಮಾಡಿ ಕೆಳಗಿಟ್ಟಳು, ಸೆರಗು ಸಿಕ್ಕಿಸಿಕೊಂಡು ಪಾತ್ರೆಗೆ ಕೂತಳು.

ಅವಳು ಆ ಕಡೆ ತಿರುಗಿದ ಮೇಲೆ ನಾನೂ ಅದೇ ಲೋಟದಲ್ಲಿ ಹಿಡಿದು ಕುಡಿದು ನೋಡಿದೆ.

ಹೌದು. ಸ್ವಲ್ಪ ಸಪ್ಪೆಯೇ.